‘ಅಲರ್ಜಿ’ಯೋ ‘ಒಗ್ಗದಿಕೆ’ಯೋ: ನೋವಿನ ಮಾತ್ರೆ ಆಗದವರಿಗೆ ಯಾವ ಪದ?

ಗೆಳೆಯರೇ,

ರೋಗಿಗಳ ಕೈಗೆ ಕೊಡುವ ಪುಟ್ಟ ತಿಳಿವಳಿಕೆ ಚೀಟಿಯೊಂದನ್ನು ಬರೆಯುತ್ತಿದ್ದೇನೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗಿದರೆ ಕೆಲವರಿಗೆ ಉಬ್ಬಸ ಬರುತ್ತದೆ. ಇನ್ನು ಕೆಲವರಿಗೆ ಮೈಮೇಲೆ ದದ್ದು ಏಳುತ್ತದೆ, ತುಟಿ, ರೆಪ್ಪೆ ಊದಿಕೊಳ್ಳುತ್ತವೆ. ಈ ತೊಂದರೆಯನ್ನು ಏನೆಂದು ಕರೆಯೋಣ?

‘ಅತಿಸಂವೇದನೆ’ ಎಂಬ ಪದ ಇದೆ. ಅದನ್ನು ಓದಿದರೆ ಬೇಗ ಮನಸ್ಸು ನೋಯುವವರ ಮಾತು ಅನ್ನಿಸುತ್ತದೆ, ಅಲ್ವಾ? ‘ಅಡ್ಡ ಪರಿಣಾಮ’ ಅಂದರೆ ಯಾರಿಗೆ ಬೇಕಾದರೂ ಬರುವ ಹೊಟ್ಟೆ ಉರಿಯೂ ಅದರೊಳಗೇ ಸೇರಿಹೋಗುತ್ತದೆ. ಉಳಿದದ್ದು ‘ಅಲರ್ಜಿ’. ನನ್ನ ತಕರಾರು ಅಲ್ಲೇ.

ನನ್ನ ಅಕ್ಕನಿಗೆ ಮೊದಲೇ ಉಬ್ಬಸ, ಮೂಗಿನಲ್ಲಿ ದುರ್ಮಾಂಸ. ಒಮ್ಮೆ ತಲೆನೋವಿಗೆ ಆಸ್ಪಿರಿನ್ ನುಂಗಿದಳು. ಮುಕ್ಕಾಲು ಗಂಟೆಯೊಳಗೆ ಮೂಗು ಸೋರಿ, ಕಣ್ಣು ಕೆಂಪಾಗಿ, ಎದೆ ಬಿಗಿದು ಸುಯ್ ಸುಯ್ ಅನ್ನತೊಡಗಿತು. ಆಮೇಲೆ ಯಾರು ಕೇಳಿದರೂ ‘ಆಸ್ಪಿರಿನ್ ಅಲರ್ಜಿ’ ಅಂತಲೇ ಹೇಳುತ್ತಿದ್ದಳು. ಎರಡು ವರ್ಷದ ಮೇಲೆ ಬೆನ್ನುನೋವಿಗೆ ಡೈಕ್ಲೊಫೆನಾಕ್ ತಗೊಂಡಳು. ಅದು ಬೇರೆ ಮಾತ್ರೆ ಅಂದುಕೊಂಡಿದ್ದಳು. ಮತ್ತೆ ಅದೇ ಉಬ್ಬಸ, ಈ ಸಲ ಇನ್ನೂ ಜಾಸ್ತಿ.

ಈ ಮಾತ್ರೆಗಳೆಲ್ಲ ಕಾಕ್ಸ್-1 ಎಂಬ ಕಿಣ್ವವನ್ನು ತಡೆಯುತ್ತವೆ. ಅಕ್ಕನಂಥವರಲ್ಲಿ ಆಗ ಲ್ಯೂಕೊಟ್ರೀನ್‌ಗಳೆಂಬ ದೇಹದ ರಾಸಾಯನಿಕಗಳು ಹೆಚ್ಚಿ ಉಸಿರಿನ ಕೊಳವೆ ಬಿಗಿಯುತ್ತದೆ. ಅಂದರೆ ದೇಹಕ್ಕೆ ಆಗದಿರುವುದು ಒಂದು ಮಾತ್ರೆಯಲ್ಲ, ಆ ಮಾತ್ರೆ ಮಾಡುವ ಕೆಲಸ. ಅದಕ್ಕೇ ಇಡೀ ಗುಂಪು ಆಗುವುದಿಲ್ಲ. ಒಂದೇ ಮಾತ್ರೆಗೆ ದದ್ದು ಏಳುವವರೂ ಇದ್ದಾರೆ. ಅವರದು ನಿಜವಾದ ಅಲರ್ಜಿ, ರಚನೆಯಲ್ಲಿ ಬೇರೆಯಾದ ಇನ್ನೊಂದು ನೋವಿನ ಮಾತ್ರೆ ಅವರಿಗೆ ಆಗಬಹುದು. 1906ರಲ್ಲಿ ಆಸ್ಟ್ರಿಯಾದ ವೈದ್ಯ ಕ್ಲೆಮೆನ್ಸ್ ವಾನ್ ಪಿರ್ಕೆ ‘ಅಲರ್ಜಿ’ ಎಂಬ ಪದ ಕಟ್ಟಿದಾಗ ‘ಬದಲಾದ ಪ್ರತಿಕ್ರಿಯೆ’ ಎಂಬ ವಿಶಾಲ ಅರ್ಥ ಅದಕ್ಕಿತ್ತು. ಈಗ ವೈದ್ಯರು ಅದನ್ನು ರೋಗನಿರೋಧಕ ವ್ಯವಸ್ಥೆಯ ಎಡವಟ್ಟಿಗೆ ಮಾತ್ರ ಬಳಸುತ್ತಾರೆ. ನಮಗೆ ಎರಡು ಪದ ಬೇಕು.

ಗುಂಪೇ ಆಗದವರಿಗೆ ‘ಒಗ್ಗದಿಕೆ’ ಅನ್ನೋಣವೇ ಅಂತ ನನ್ನ ಆಸೆ. ‘ನೋವಿನ ಮಾತ್ರೆ ನನಗೆ ಒಗ್ಗಲ್ಲ’ ಅಂತ ಜನ ಹೇಳುತ್ತಲೇ ಇರುತ್ತಾರೆ. ತಜ್ಞರು ಕಣ್ಣೆದುರಿಗೇ ಇಟ್ಟುಕೊಂಡು ಆಸ್ಪಿರಿನ್ ಅನ್ನು ಚೂರುಚೂರೇ ಏರಿಸಿ ಕೊಡುವ ಚಿಕಿತ್ಸೆಯೂ ಇದೆ. ಅದಕ್ಕೆ ‘ಒಗ್ಗಿಸುವುದು’ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ!

ಆದರೆ ಭಯವೂ ಅಲ್ಲೇ ಇದೆ. ಹೊಸ ಊರಿನ ನೀರು ಒಗ್ಗದಿದ್ದರೆ ‘ನಾಲ್ಕು ದಿನ ಕುಡಿ, ಒಗ್ಗುತ್ತೆ’ ಅನ್ನುತ್ತೇವೆ. ಯಾರಾದರೂ ಮನೆಯಲ್ಲೇ ಹಾಗೆ ಮಾತ್ರೆ ನುಂಗಿಬಿಟ್ಟರೆ ಉಸಿರಿಗೇ ಸಂಚಕಾರ. ‘ಆಗಿಬರದು’ ಅಂದರೆ ಸ್ವಲ್ಪ ಗಟ್ಟಿಯಾಗುತ್ತದೆ, ಆದರೆ ಅದರಿಂದ ನಾಮಪದ ಕಟ್ಟುವುದು ಕಷ್ಟ.

‘ಒಗ್ಗದಿಕೆ’ಯ ಸಲೀಸೂ ಬೇಕು, ಅಪಾಯದ ಸುಳಿವೂ ಬೇಕು. ನಿಮ್ಮ ಕಡೆ ಇಂಥ ಪದ ಬಳಕೆಯಲ್ಲಿದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಜೊತೆ ತಿಳಿಸಿ.