ಚಿಕ್ಕಪ್ಪ, ಈ ಎರಡನ್ನು ಓಡಿಸದೆ ನೋಡಿ

ಚಿಕ್ಕಪ್ಪ, ನಿನ್ನೆ ರಾತ್ರಿ ನೀವು ಗ್ರೂಪಿನಲ್ಲಿ ಬರೆದದ್ದನ್ನು ಈಗ ನೋಡಿದೆ. 2025ರಲ್ಲಿ ನೋಡಲೇಬೇಕು ಅನ್ನುವಂಥ ಸೀರೀಸ್ ಯಾವುದಾದರೂ ಬಂತಾ ಅಂತ ಕೇಳಿದ್ದೀರಿ. ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಮುಗಿಸುತ್ತಿದ್ದೇನೆ, ಆಮೇಲೆ ಒಂದೂ ನೆನಪಲ್ಲಿ ಉಳಿಯುತ್ತಿಲ್ಲ ಅಂತಲೂ ಹೇಳಿದ್ದೀರಿ. ಅದರ ಕೆಳಗೆ ಅತ್ತಿಗೆ, ಬರೀ ಹೆಸರು ಕಳಿಸು ಸಾಕು ಅಂದಿದ್ದಾರೆ. ಅತ್ತಿಗೆ, ಬೇಜಾರು ಮಾಡಿಕೊಳ್ಳಬೇಡಿ. ಬರೀ ಹೆಸರು ಕಳಿಸಿ ಸುಮ್ನೆ ಕೂರಲು ನನ್ನಿಂದ ಆಗುವುದಿಲ್ಲ. ಟೈಪ್ ಮಾಡಿದರೆ ಸಂಜೆಯಾಗುತ್ತದೆ ಅಂತ ಮಾತಾಡಿಯೇ ಕಳಿಸುತ್ತಿದ್ದೇನೆ. ಕೈಯಲ್ಲಿ ಕೆಲಸ ಇದ್ದರೆ ಮಾಡುತ್ತಾ ಕೇಳಿ.

ನನಗೆ ಈ ವರ್ಷ ಮನಸ್ಸಿಗೆ ಹತ್ತಿದ್ದು ಎರಡು. ಎರಡನ್ನೂ ವೇಗ ಹೆಚ್ಚಿಸಿ ನೋಡಬೇಡಿ ಚಿಕ್ಕಪ್ಪ. ಅವುಗಳ ಕತೆ ಇರುವುದೇ ಆ ಹೊತ್ತಿನಲ್ಲಿ. ಓಡಿಸಿಬಿಟ್ಟರೆ ಕೈಗೆ ಏನೂ ಸಿಗುವುದಿಲ್ಲ.

ಮೊದಲನೆಯದು ಅಡಾಲಸೆನ್ಸ್. ಬ್ರಿಟನ್ನಿನ ಸೀರೀಸ್, ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ನಾಲ್ಕೇ ಎಪಿಸೋಡ್. ಬೆಳಗಿನ ಹೊತ್ತು ಪೊಲೀಸರು ಒಂದು ಮನೆಯ ಬಾಗಿಲು ಒಡೆದು ನುಗ್ಗುತ್ತಾರೆ. ಅಪ್ಪನನ್ನು ಹಿಡಿಯಲು ಬಂದಿರಬೇಕು ಅಂದುಕೊಳ್ಳುತ್ತೇವೆ. ಅವರು ನೇರ ಮೇಲಿನ ಕೋಣೆಗೆ ಹೋಗಿ 13 ವರ್ಷದ ಹುಡುಗನ ಮುಂದೆ ನಿಲ್ಲುತ್ತಾರೆ. ಜೊತೆಯಲ್ಲಿ ಓದುವ ಹುಡುಗಿಯನ್ನು ಕೊಂದ ಆರೋಪ. ಹೆದರಿಕೆಗೆ ಅವನ ಪ್ಯಾಂಟ್ ಒದ್ದೆಯಾಗುತ್ತದೆ. ಬಟ್ಟೆ ಬದಲಿಸಿಕೊಂಡೇ ಪೊಲೀಸರ ಜೊತೆ ಹೋಗಬೇಕು. ಅಷ್ಟು ಚಿಕ್ಕವನು.

ಈಗ ನಾನು ಹೇಳಬೇಕಾದ ವಿಷಯ. ಒಂದೊಂದು ಎಪಿಸೋಡನ್ನೂ ಒಂದೇ ಶಾಟ್‌ನಲ್ಲಿ ತೆಗೆದಿದ್ದಾರೆ. ಎಲ್ಲೂ ಕಟ್ ಇಲ್ಲ. ಮನೆಯಿಂದ ಪೊಲೀಸ್ ಸ್ಟೇಷನ್‌ಗೆ ಹೋಗುವ ದಾರಿಯನ್ನೂ ಬಿಟ್ಟಿಲ್ಲ. ವ್ಯಾನಿನಲ್ಲಿ ಹುಡುಗ ಕೂತಿರುತ್ತಾನೆ, ಅವನ ಜೊತೆ ನಾವೂ ಕೂತಿರುತ್ತೇವೆ. ಬೇರೆಯವರಾಗಿದ್ದರೆ ಅದನ್ನು ಕತ್ತರಿಸಿ ಸ್ಟೇಷನ್ ಬಾಗಿಲು ತೋರಿಸಿಬಿಡುತ್ತಿದ್ದರು. ನಿರ್ದೇಶಕ ಫಿಲಿಪ್ ಬ್ಯಾರಂಟಿನಿ. ಒಂದೊಂದು ಎಪಿಸೋಡಿಗೂ ಮೂರು ವಾರ ಇಟ್ಟುಕೊಂಡಿದ್ದರಂತೆ. ಒಂದು ವಾರ ನಟರ ತಾಲೀಮು, ಒಂದು ವಾರ ಕ್ಯಾಮೆರಾದವರ ಜೊತೆ ತಾಲೀಮು, ಆಮೇಲೆ ಒಂದು ವಾರ ಶೂಟಿಂಗ್. ದಿನಕ್ಕೆ ಎರಡೇ ಟೇಕ್. ನಡುವೆ ಯಾರಾದರೂ ತಪ್ಪಿದರೆ ಅಷ್ಟನ್ನೂ ಬಿಟ್ಟು ಮತ್ತೆ ಮೊದಲಿನಿಂದ. ಎರಡನೇ ಎಪಿಸೋಡಿನ ಕೊನೆಯಲ್ಲಿ ಓಡುತ್ತಿರುವ ಕ್ಯಾಮೆರಾವನ್ನೇ ಡ್ರೋನಿಗೆ ಕಟ್ಟಿ ಹಾರಿಸುತ್ತಾರೆ. ಅದು ಊರ ಮೇಲಿಂದ ಹಾದು ಹೋಗಿ, ಹುಡುಗಿ ಸತ್ತ ಜಾಗದಲ್ಲಿ ಇಳಿಯುತ್ತದೆ. ಅಲ್ಲಿ ಹುಡುಗನ ಅಪ್ಪ ಹೂವು ಇಡುತ್ತಿರುತ್ತಾನೆ. ಹೇಗೆ ಮಾಡಿದರು ಅನ್ನುವುದು ನನಗೆ ಆಮೇಲೆ ಹೊಳೆಯಿತು. ನೋಡುವಾಗ ಆ ಅಪ್ಪನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ.

ಎಲ್ಲಕ್ಕಿಂತ ಮೂರನೇ ಎಪಿಸೋಡ್ ಜಾಸ್ತಿ ಕಾಡಿತು. ಒಂದು ಕೋಣೆ, ಒಂದು ಮೇಜು, ಹುಡುಗ, ಅವನನ್ನು ಮಾತಾಡಿಸಲು ಬಂದ ಮನಃಶಾಸ್ತ್ರಜ್ಞೆ. ಹೆಚ್ಚುಕಡಿಮೆ ಅಷ್ಟೇ. ಅವಳು ಅವನಿಗೆ ಕುಡಿಯಲು ತಂದುಕೊಡುತ್ತಾಳೆ, ತನ್ನ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಡುತ್ತಾಳೆ. ಹುಡುಗ ನಗುತ್ತಾನೆ. ಪಾಪ ಅನ್ನಿಸುತ್ತದೆ. ಇದ್ದಕ್ಕಿದ್ದಂತೆ ಎದ್ದು ಕಿರುಚುತ್ತಾನೆ, ನನಗೆ ಕೂತಲ್ಲೇ ಮೈ ನಡುಗಿತು. ಮತ್ತೆ ತಣ್ಣಗಾಗುತ್ತಾನೆ. ಒಂದೇ ಮಗು, ಎರಡು ಮುಖ, ಕಟ್ ಇಲ್ಲದೆ. ನಡುವೆ ಒಮ್ಮೆ ಆಕಳಿಸುತ್ತಾನೆ. ಆ ಆಕಳಿಕೆ ಸ್ಕ್ರಿಪ್ಟಿನಲ್ಲಿ ಇರಲಿಲ್ಲ, ಹುಡುಗನಿಗೆ ನಿಜವಾಗಿ ಸುಸ್ತಾಗಿತ್ತು. ಎದುರಿಗಿದ್ದ ಎರಿನ್ ಡೊಹರ್ಟಿ ಪಾತ್ರ ಬಿಡದೆ, ನನ್ನ ಮಾತು ಬೇಜಾರಾಗುತ್ತಿದೆಯಾ ಅಂತ ಕೇಳಿ ಮುಂದುವರಿಸಿದ್ದಾರೆ. ಹುಡುಗನ ಹೆಸರು ಓವನ್ ಕೂಪರ್. ಅದಕ್ಕೂ ಮೊದಲು ಒಂದರಲ್ಲೂ ನಟಿಸಿದವನಲ್ಲ. ಮೊದಲು ಶೂಟ್ ಮಾಡಿದ್ದೂ ಈ ಎಪಿಸೋಡನ್ನೇ. ಸೆಪ್ಟೆಂಬರ್‌ನಲ್ಲಿ 15ನೇ ವಯಸ್ಸಿಗೆ ಎಮ್ಮಿ, ಅಂದರೆ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿ, ತೆಗೆದುಕೊಂಡ. ನಟನೆಗೆ ಎಮ್ಮಿ ಪಡೆದ ಹುಡುಗರಲ್ಲಿ, ಗಂಡಸರಲ್ಲಿ ಅವನಷ್ಟು ಚಿಕ್ಕವರು ಯಾರೂ ಇಲ್ಲ.

ಒಂದು ಕೊರತೆ ನನಗೆ ಕಂಡಿತು, ಹೇಳಿಬಿಡುತ್ತೇನೆ. ಸತ್ತ ಹುಡುಗಿಯ ಮನೆಯೊಳಗೆ ಕ್ಯಾಮೆರಾ ಒಮ್ಮೆಯೂ ಹೋಗುವುದಿಲ್ಲ. ಕೊಂದವನನ್ನೇ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಅವಳನ್ನಲ್ಲ ಅಂತ ಅದರೊಳಗಿನ ಪೊಲೀಸ್ ಅಧಿಕಾರಿಯೇ ನೊಂದು ಹೇಳುತ್ತಾಳೆ. ಹೇಳಿದ ಮೇಲಾದರೂ ತೋರಿಸಬೇಕಿತ್ತು. ಆದರೂ ಹೈಸ್ಕೂಲ್ ಮಕ್ಕಳಿರುವವರು ಇದನ್ನು ನೋಡಲೇಬೇಕು. ಅತ್ತಿಗೆ, ಮೊದಲು ನೀವು ನೋಡಿ, ಆಮೇಲೆ ಮಕ್ಕಳ ಜೊತೆ ಕೂತು ನೋಡಿ. ಕೋಣೆಯ ಬಾಗಿಲು ಹಾಕಿಕೊಂಡು ಫೋನ್ ಹಿಡಿದ ಮಗ ಮನೆಯಲ್ಲೇ ಇದ್ದಾನೆ, ಏನೂ ಆಗುವುದಿಲ್ಲ ಅಂತ ಆ ಅಪ್ಪ ಅಮ್ಮನೂ ಅಂದುಕೊಂಡಿದ್ದರು.

ಎರಡನೆಯದು ದಿ ಪಿಟ್. ಅಮೆರಿಕದ ಪಿಟ್ಸ್‌ಬರ್ಗ್‌ನ ಒಂದು ಆಸ್ಪತ್ರೆ, ಅದರ ಎಮರ್ಜೆನ್ಸಿ ವಾರ್ಡ್. ಬೆಳಗ್ಗೆ 7ಕ್ಕೆ ಶುರುವಾಗುವ ಒಂದೇ ಒಂದು ಶಿಫ್ಟ್, 15 ಎಪಿಸೋಡ್, ಒಂದೊಂದು ಎಪಿಸೋಡಿನಲ್ಲಿ ಒಂದೊಂದು ಗಂಟೆ. ಹಿನ್ನೆಲೆ ಸಂಗೀತ ಇಲ್ಲ ಅಂದರೂ ಆಯಿತು. ಇಲ್ಲಿ ಅಳಬೇಕು ಅಂತ ಪಿಟೀಲು ಬಂದು ನಮಗೆ ಹೇಳುವುದಿಲ್ಲ. ಎರಡನೇ ಎಪಿಸೋಡಿನಲ್ಲಿ ಬಂದ ರೋಗಿ ಆರನೆಯದರಲ್ಲೂ ಮಂಚ ಸಿಗದೆ ಕಾಯುತ್ತಿರಬಹುದು. ಹೊರಗೆ ಕುರ್ಚಿಗಳ ಮೇಲೆ ಕೂತವರ ತಾಳ್ಮೆ ಗಂಟೆಗಂಟೆಗೂ ಕರಗುವುದು ಕಾಣುತ್ತದೆ. ಡಾಕ್ಟರ್ ಪಾತ್ರದ ನೋವಾ ವೈಲಿ 1994ರಲ್ಲಿ ಇ.ಆರ್. ಅನ್ನುವ ಆಸ್ಪತ್ರೆ ಸೀರೀಸ್‌ನಲ್ಲಿ ಹೊಸ ಹುಡುಗನಾಗಿ ಬಂದವರು. ಆಗ ಐದು ಸಲ ಎಮ್ಮಿಗೆ ನಾಮಿನೇಟ್ ಆಗಿ ಒಮ್ಮೆಯೂ ಗೆದ್ದಿರಲಿಲ್ಲ. ಈ ಸಲ ಗೆದ್ದರು. ಸೀರೀಸ್‌ಗೂ ಬಂತು, ಹೆಡ್ ನರ್ಸ್ ಪಾತ್ರದ ಕ್ಯಾಥರೀನ್ ಲನಾಸಾಗೂ ಬಂತು. ರಕ್ತ, ಗಾಯ ಎಲ್ಲ ಮುಚ್ಚಿಡದೆ ತೋರಿಸುತ್ತಾರೆ. ದೊಡ್ಡಮ್ಮನಿಗೆ ಬೇಡ. ಒಂದೇ ದಿನದಲ್ಲಿ ಇಷ್ಟೆಲ್ಲ ಆಗುತ್ತದಾ ಅಂತ ಒಂದೆರಡು ಕಡೆ ನನಗೂ ಅನ್ನಿಸಿತು.

ಆದರೆ ಚಿಕ್ಕಪ್ಪ, ನಿಮಗೆ ಇದನ್ನು ಹೇಳಲು ಕಾರಣ ಬೇರೆ. ಮೊದಲ ಕೆಲವು ಎಪಿಸೋಡ್‌ಗಳಲ್ಲಿ ಒಬ್ಬ ವಯಸ್ಸಾದವರನ್ನು ಕರೆತರುತ್ತಾರೆ. ಮಗ, ಮಗಳು ಇಬ್ಬರೂ ಬರುತ್ತಾರೆ. ಉಸಿರಾಟದ ಮೆಷಿನ್‌ಗೆ ಹಾಕಬೇಡಿ ಅಂತ ಆ ವಯಸ್ಸಾದವರು ಮೊದಲೇ ಬರೆದಿಟ್ಟಿರುತ್ತಾರೆ. ಮಕ್ಕಳಿಗೆ ಮನಸ್ಸು ಒಪ್ಪುವುದಿಲ್ಲ, ಅದರಲ್ಲೂ ಮಗಳಿಗೆ. ಹಾಕಿಸುತ್ತಾರೆ. ಒಂದು ಗಂಟೆ ಕಳೆಯುತ್ತದೆ, ಇನ್ನೊಂದು ಗಂಟೆ ಕಳೆಯುತ್ತದೆ. ಕೊನೆಗೆ ಡಾಕ್ಟರ್ ಅವರ ಹತ್ತಿರ ಕೂತು, ಹವಾಯಿಯವರ ಹಳೆಯ ಪದ್ಧತಿಯೊಂದನ್ನು ಹೇಳಿಕೊಡುತ್ತಾರೆ. ಹೋಗುವವರಿಗೆ ನಾಲ್ಕು ಮಾತು ಹೇಳಬೇಕು. ನಿನ್ನ ಮೇಲೆ ಪ್ರೀತಿ ಇದೆ. ನಿನ್ನಿಂದ ಉಪಕಾರವಾಯಿತು. ನಿನ್ನನ್ನು ಕ್ಷಮಿಸಿದ್ದೇನೆ. ನನ್ನನ್ನು ಕ್ಷಮಿಸು. ಮಕ್ಕಳು ಮೆಷಿನ್ ತೆಗೆಸಿ, ತೊದಲುತ್ತಾ ಹೇಳುತ್ತಾರೆ. ಪಕ್ಕದ ಕೋಣೆಯಲ್ಲಿ ಬೇರೆಯವರ ಜೀವ ಉಳಿಸುವ ಓಡಾಟ ನಡೆದೇ ಇರುತ್ತದೆ.

ನನಗೆ ಅಜ್ಜನ ಕೊನೆಯ ಮೂರು ರಾತ್ರಿ ನೆನಪಾಯಿತು. ನಾವೆಲ್ಲ ಐಸಿಯು ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಆಕ್ಸಿಜನ್ ಎಷ್ಟಿದೆ, ಬಿಪಿ ಎಷ್ಟಿದೆ, ಇದೇ ಮಾತು. ಒಳಗೆ ಹೋಗಿ ಬಂದವರೂ ಅದನ್ನೇ ಹೇಳುತ್ತಿದ್ದರು. ಅಜ್ಜನ ಹತ್ತಿರ ಯಾರೂ ಮಾತಾಡಲಿಲ್ಲ. ನಿಮಗೆ ನೋವು ಮಾಡಲು ಹೇಳುತ್ತಿಲ್ಲ ಚಿಕ್ಕಪ್ಪ. ನಾನೂ ಎರಡು ಸಲ ಒಳಗೆ ಹೋಗಿದ್ದೆ, ನಾನೂ ಮಾತಾಡಲಿಲ್ಲ. ಅವರ ಕೈ ಬೆಚ್ಚಗಿತ್ತು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಸ್ಟಾರ್ ವಾರ್ಸ್ ಸಿನಿಮಾಗಳ ಲೋಕದಲ್ಲಿ ನಡೆಯುವ ಆಂಡರ್ ಸೀರೀಸ್‌ನ ಎರಡನೇ ಸೀಸನ್ ಚೆನ್ನಾಗಿದೆ. ವಾರಕ್ಕೆ ಮೂರು ಎಪಿಸೋಡ್‌ನಂತೆ ನಾಲ್ಕು ವಾರ ಬಂತು, ಪ್ರತಿ ವಾರ ಕತೆ ಒಂದು ವರ್ಷ ಮುಂದೆ ಹೋಗುತ್ತದೆ. ಸ್ಟಾರ್ ವಾರ್ಸ್ ಗೊತ್ತಿಲ್ಲದವರೂ ನೋಡಬಹುದು, ಆದರೆ ಮೊದಲ ಸೀಸನ್ ಮುಗಿಸಿರಬೇಕು. ಸೆವೆರೆನ್ಸ್ ಸೀರೀಸ್‌ನ ಎರಡನೇ ಸೀಸನ್ ಸುಮಾರು ಮೂರು ವರ್ಷ ಕಾಯಿಸಿ ಬಂತು. ಅಷ್ಟರಲ್ಲಿ ಯಾರು ಯಾರು ಅಂತಲೇ ನನಗೆ ಮರೆತಿತ್ತು, ಏಳನೇ ಎಪಿಸೋಡ್ ಮಾತ್ರ ಮನಸ್ಸಿನಲ್ಲಿ ನಿಂತಿದೆ. ವರ್ಷದ ಕೊನೆಗೆ ಬಂದ ಪ್ಲೂರಿಬಸ್ ನನಗೆ ತುಂಬಾ ಇಷ್ಟವಾಯಿತು. ಲೋಕದವರೆಲ್ಲ ಒಂದೇ ಮನಸ್ಸಾಗಿ ಸುಖವಾಗಿರುತ್ತಾರೆ, ಬೆರಳೆಣಿಕೆಯ ಜನ ಮಾತ್ರ ಅದರಿಂದ ಹೊರಗೆ ಉಳಿಯುತ್ತಾರೆ. ಅವರಲ್ಲಿ ಒಬ್ಬ ಹೆಂಗಸು ಸಿಟ್ಟಿನಿಂದ, ದುಃಖದಿಂದ ಒಬ್ಬಳೇ ಓಡಾಡುತ್ತಾಳೆ. ಹತ್ತು ನಿಮಿಷ ಒಂದೂ ಮಾತಿಲ್ಲದೆ ಹೋದರೂ ಕಣ್ಣು ಕೀಳಲಾಗುವುದಿಲ್ಲ. ಇದನ್ನು ಮಾಡಿದ್ದು ಮನುಷ್ಯರು ಅಂತ ಕೊನೆಯ ಹೆಸರುಗಳ ಜೊತೆ ಒಂದು ಸಾಲು ಹಾಕಿದ್ದಾರೆ. ಅದನ್ನು ನೋಡಿ ನನಗೆ ಬಹಳ ಖುಷಿಯಾಯಿತು.

ಚಿಕ್ಕಪ್ಪ, ನೀವು ದಿ ಪಿಟ್‌ನಿಂದ ಶುರು ಮಾಡಿ. ದಿನಕ್ಕೆ ಒಂದೇ ಸಾಕು, ವೇಗ ಒಂದರಲ್ಲೇ ಇರಲಿ. ಆ ಅಣ್ಣ ತಂಗಿಯ ಭಾಗ ಬರುವ ಹೊತ್ತಿಗೆ ನನಗೆ ಫೋನ್ ಮಾಡಿ. ಒಬ್ಬರೇ ನೋಡಬೇಡಿ. ನಾನೂ ಇಲ್ಲಿಂದ ಅದೇ ಹೊತ್ತಿಗೆ ಹಾಕಿಕೊಳ್ಳುತ್ತೇನೆ.