ಬ್ರೌಸರ್ ಪ್ರಾಕ್ಸಿ ದಾಟುತ್ತೆ, ಪೈಥಾನ್ ಯಾಕೆ ದಾಟಲ್ಲ?

ಪ್ರಶ್ನೆ: ಆಫೀಸಿನಲ್ಲಿ ಪ್ರಾಕ್ಸಿ (ನಡುವೆ ನಿಂತು ಕೋರಿಕೆ ದಾಟಿಸುವ ಸರ್ವರ್) ಮೂಲಕವೇ ಇಂಟರ್‌ನೆಟ್, ಪೋರ್ಟ್ 8080. ಬ್ರೌಸರ್‌ಗೆ ತೊಂದರೆಯಿಲ್ಲ. ರಿಕ್ವೆಸ್ಟ್ಸ್ ಲೈಬ್ರರಿ ಬಳಸಿದ ನನ್ನ ಪುಟ್ಟ ಪೈಥಾನ್ ಸ್ಕ್ರಿಪ್ಟ್ ಮಾತ್ರ ಎಚ್‌ಟಿಟಿಪಿಎಸ್ ಸೈಟ್ ಅಂದ ಕೂಡಲೇ 'ರಾಂಗ್ ವರ್ಷನ್ ನಂಬರ್' ಅಂತ ಎಸ್‌ಎಸ್‌ಎಲ್ ಎರರ್ ಕೊಡುತ್ತೆ. ಹಳೇ ಲ್ಯಾಪ್‌ಟಾಪಿನಲ್ಲಿ ಇದೇ ಕೋಡ್ ಓಡುತ್ತಿತ್ತು!

ಉತ್ತರ: ಪ್ರಾಕ್ಸೀಸ್ ಡಿಕ್ಷನರಿಯಲ್ಲಿ ಎಚ್‌ಟಿಟಿಪಿಎಸ್ ಕೀ ಎದುರು ಬರೆದ ಪ್ರಾಕ್ಸಿ ವಿಳಾಸವೂ ಎಚ್‌ಟಿಟಿಪಿಎಸ್ ಅಂತಲೇ ಶುರುವಾಗಿದೆಯಾ ನೋಡಿ. ಹೌದಾದರೆ ಆ ಕೊನೆಯ 'ಎಸ್' ಅಳಿಸಿ, ಕೀಯನ್ನು ಮುಟ್ಟಬೇಡಿ.

ಕೀ ಹೇಳೋದು ನೀವು ಹೋಗಬೇಕಾದ ಊರು. ಎದುರಿನ ವಿಳಾಸ ಹೇಳೋದು ಬಾಗಿಲು ಕಾಯುವವನ ಜೊತೆ ಯಾವ ಭಾಷೆ ಆಡಬೇಕು ಅಂತ. ಆಫೀಸ್ ಪ್ರಾಕ್ಸಿಗಳಿಗೆ ಸಾಮಾನ್ಯವಾಗಿ ಬರೋದು ಸಾದಾ ಎಚ್‌ಟಿಟಿಪಿ. ಸ್ಕ್ರಿಪ್ಟ್ ಅದಕ್ಕೆ 'ಕನೆಕ್ಟ್, ಇಂಥ ಹೋಸ್ಟ್, 443' ಅನ್ನುತ್ತೆ; ಪ್ರಾಕ್ಸಿ 200, ಅಂದರೆ ಸರಿ, ಅಂದಮೇಲೆ ಆ ಸುರಂಗದೊಳಗೆ ಟಿಎಲ್‌ಎಸ್ (ಎಸ್‌ಎಸ್‌ಎಲ್‌ನ ಈಗಿನ ರೂಪ) ಶುರು. ರಿಕ್ವೆಸ್ಟ್ಸ್ ಒಳಗೆ ಕೆಲಸ ಮಾಡುವ ಯುಆರ್‌ಎಲ್‌ಲಿಬ್3 ಹಿಂದೆಲ್ಲ ಆ 'ಎಸ್' ಕಂಡರೂ ಕಾಣದಂತೆ ಇರುತ್ತಿತ್ತು. 2020ರ 1.26ರಿಂದ ನೀವು ಬರೆದದ್ದನ್ನು ನಂಬಿ ಪ್ರಾಕ್ಸಿ ಜೊತೆಗೇ ಟಿಎಲ್‌ಎಸ್ ಶುರುಮಾಡುತ್ತೆ. ಪ್ರಾಕ್ಸಿ ಸಾದಾ ಅಕ್ಷರದಲ್ಲಿ ಬೈದು ಕಳಿಸಿದರೆ, ಲೈಬ್ರರಿ ಆ ಬೈಗುಳವನ್ನೇ ವರ್ಷನ್ ನಂಬರ್ ಅಂತ ಓದಿ ಗಾಬರಿಯಾಗುತ್ತೆ. ಪೆದ್ದು ಎರರ್ ಮೆಸೇಜ್, ನಾನೂ ಅದರ ಹಿಂದೆ ಒಂದು ಸಂಜೆ ಕಳೆದಿದ್ದೇನೆ.

ಪ್ರಶ್ನೆ ಕೇಳಿದವರು: ಎಸ್ ಹೋಯ್ತು, ಈಗ 407 ಎರರ್, ಪ್ರಾಕ್ಸಿಗೆ ಲಾಗಿನ್ ಬೇಕಂತೆ! ಬ್ರೌಸರ್ ಪಾಸ್‌ವರ್ಡೇ ಕೇಳಲ್ಲವಲ್ಲ?

ಉತ್ತರ: ಬ್ರೌಸರ್ ನಿಮ್ಮ ವಿಂಡೋಸ್ ಲಾಗಿನ್ನನ್ನೇ ಸದ್ದಿಲ್ಲದೆ ಕೊಟ್ಟಿರುತ್ತೆ. ಕರ್ಲ್ ಕಮಾಂಡನ್ನು ವರ್ಬೋಸ್ (-v) ಮಾಡಿ ಓಡಿಸಿ, 'ಪ್ರಾಕ್ಸಿ-ಆಥೆಂಟಿಕೇಟ್' ಹೆಡರ್ ನೋಡಿ. 'ಬೇಸಿಕ್' ಇದ್ದರೆ ಪ್ರಾಕ್ಸಿ ವಿಳಾಸದಲ್ಲೇ ಯೂಸರ್‌ನೇಮ್, ಪಾಸ್‌ವರ್ಡ್ ಸೇರಿಸಿ. ಪಾಸ್‌ವರ್ಡಿನಲ್ಲಿ # ಅಥವಾ / ಇದ್ದರೆ ವಿಳಾಸ ಅಲ್ಲೇ ತುಂಡಾಗುತ್ತೆ. ಯುಆರ್‌ಎಲ್‌ಲಿಬ್‌ನ ಕೋಟ್ ಫಂಕ್ಷನ್ ಬಳಸಿ, 'ಸೇಫ್'ಗೆ ಖಾಲಿ ಸ್ಟ್ರಿಂಗ್ ಕೊಡಿ, ಇಲ್ಲದಿದ್ದರೆ ಅದು / ಅನ್ನು ಹಾಗೇ ಉಳಿಸುತ್ತೆ. ಬರೀ 'ಎನ್‌ಟಿಎಲ್‌ಎಮ್' (ವಿಂಡೋಸ್‌ನ ಲಾಗಿನ್ ಪದ್ಧತಿ) ಇದ್ದರೆ ರಿಕ್ವೆಸ್ಟ್ಸ್ ಒಂದರಿಂದಲೇ ಆಗಲ್ಲ. ಐಟಿಯವರನ್ನು ಕೇಳಿ ಸಿಎನ್‌ಟಿಎಲ್‌ಎಮ್ (ಆ ಲಾಗಿನ್ ತಾನೇ ಮಾಡಿಕೊಡುವ ಲೋಕಲ್ ಪ್ರಾಕ್ಸಿ) ಹಾಕಿಸಿ, ಸ್ಕ್ರಿಪ್ಟನ್ನು ಲೋಕಲ್‌ಹೋಸ್ಟ್ 3128ಕ್ಕೆ ತಿರುಗಿಸಿ.

ಇನ್ನೊಬ್ಬರು: ನನಗೆ ಸರ್ಟಿಫಿಕೇಟ್ ಎರರ್ ಬರುತ್ತಿತ್ತು. ವೆರಿಫೈ ಫಾಲ್ಸ್ ಮಾಡಿ ಆ ಪರೀಕ್ಷೆಯನ್ನೇ ನಿಲ್ಲಿಸಿದೆ, ಸಲೀಸು.

ಉತ್ತರ: ಬೀಗ ತೆಗೆಯೋಕೆ ಬಾಗಿಲನ್ನೇ ಕಿತ್ತ ಹಾಗಾಯ್ತು. ನಿಮ್ಮ ಪ್ರಾಕ್ಸಿ ಸುರಂಗ ತೆರೆದು ತಪಾಸಣೆ ಮಾಡಿ, ತನ್ನದೇ ಸರ್ಟಿಫಿಕೇಟ್ ಕೊಡುತ್ತಿರಬೇಕು. ಕಂಪನಿಯ ರೂಟ್ ಸರ್ಟಿಫಿಕೇಟ್ ವಿಂಡೋಸ್‌ನಲ್ಲಿದೆ, ರಿಕ್ವೆಸ್ಟ್ಸ್ ನೋಡೋದು ಸರ್ಟಿಫೈ ಅನ್ನೋ ಪ್ಯಾಕೇಜಿನ ಪಟ್ಟಿಯನ್ನು. ಐಟಿಯವರಿಂದ ಆ ರೂಟ್ ಸರ್ಟಿಫಿಕೇಟಿನ ಪೆಮ್ ಫೈಲ್ ತಂದು 'ರಿಕ್ವೆಸ್ಟ್ಸ್_ಸಿಎ_ಬಂಡಲ್' ಎನ್ವಿರಾನ್ಮೆಂಟ್ ವೇರಿಯೇಬಲ್‌ಗೆ ಅದರ ದಾರಿ ಕೊಡಿ, ಫಾಲ್ಸ್ ಇವತ್ತೇ ತೆಗೀರಿ.

ಪ್ರಶ್ನೆ ಕೇಳಿದವರು: ಎನ್‌ಟಿಎಲ್‌ಎಮ್ಮೇ ಸರ್, ಐಟಿಗೆ ಟಿಕೆಟ್ ಹಾಕಿದೆ. ಎಐಒಎಚ್‌ಟಿಟಿಪಿ ಲೈಬ್ರರಿಗೂ ಇಷ್ಟೇನಾ?

ಉತ್ತರ: ಅದು ಎನ್ವಿರಾನ್ಮೆಂಟಿನ ಪ್ರಾಕ್ಸಿಯನ್ನು ತಾನಾಗಿ ಓದಲ್ಲ. ಸೆಷನ್ನಿಗೆ 'ಟ್ರಸ್ಟ್_ಎನ್‌ವಿ' ಟ್ರೂ ಕೊಡಿ.