ಕ್ಷೌರದ ಕತ್ತಿಯ ಸಾಣೆಕಲ್ಲು ಸಮ ಮಾಡಿದ ಅನುಭವ ಇದ್ದರೆ ಹೇಳಿ

ಕೇಳಿದವರು: ನನ್ನ 1000/6000 ಕಲ್ಲು (ಒಂದು ಬದಿ 1000ದ ಒರಟು, ಇನ್ನೊಂದು ಬದಿ 6000ದ ನುಣುಪು) ನಡುವೆ ತಗ್ಗಾಗಿದೆ. ಅಡ್ಡ ಸ್ಕೇಲ್ ಇಟ್ಟರೆ ಕೆಳಗಿಂದ ಬೆಳಕು ಕಾಣುತ್ತೆ. ಅಲಗಿನ ನಡುಭಾಗ ಕಲ್ಲಿಗೆ ತಾಗುತ್ತಲೇ ಇಲ್ಲ. ಸಮ ಮಾಡಲು ವಜ್ರದ ಪುಡಿ ಹಚ್ಚಿದ ಡೈಮಂಡ್ ಪ್ಲೇಟೇ ಬೇಕಾ?

ಮೈಸೂರಿನವರು: ಬೇಕು. ನಾನು ಮೊದಲು ಕಡಪ ಕಲ್ಲಿನ ಮೇಲೆ ಉಜ್ಜಿದೆ. ಮೂರು ಭಾನುವಾರ ಹೋಯಿತು. ಆಮೇಲೆ ನೋಡಿದರೆ ನಮ್ಮ ಅಡುಗೆಕಟ್ಟೆಯೇ ಸಮ ಇರಲಿಲ್ಲ. ಕೊನೆಗೆ 325 ಮೆಶ್ (ಪುಡಿಯ ಕಾಳಿನ ಅಳತೆ) ಪ್ಲೇಟ್ ತರಿಸಿದೆ, ಕೊರಿಯರ್ ಸೇರಿ 6,840 ರೂಪಾಯಿ. ಮನೆಯಲ್ಲಿ ಎರಡು ದಿನ ಮಾತಿಲ್ಲ. ಆದರೆ ಸಮ ಆಯಿತಾ ಅಂತ ತಿಳಿಯಲು ಕಲ್ಲಿನ ಮೇಲೆ ಎಳೆದ ಪೆನ್ಸಿಲ್‌ನ ಚೌಕಳಿ ಗೆರೆ ಐದೇ ನಿಮಿಷಕ್ಕೆ ಪೂರ್ತಿ ಅಳಿಸಿತು.

ಧಾರವಾಡದವರು: ಸುಮ್ನೆ ದುಡ್ಡು ದಂಡ. 12 ಮಿಲಿಮೀಟರ್ ಗಾಜಿನ ತುಂಡು 150, 220ರ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) 18 ರೂಪಾಯಿ. ಗಾಜಿನ ಮೇಲೆ ಪೇಪರ್ ಇಟ್ಟು ಕಲ್ಲು ಉಜ್ಜಿದರೆ ಆಯ್ತು. ಒಂದೇ ಸಲ ಕೈಕೊಟ್ಟಿದ್ದು. ತೊಳೆಯದೆ 6000ಕ್ಕೆ ಹೋದೆ. ಪೇಪರಿನ ಒಂದು ಕರಿ ಕಣ ಕಲ್ಲಿನಲ್ಲಿ ಕೂತಿತ್ತು. ಅಜ್ಜನ ಕತ್ತಿಯ ಅಲಗಿಗೆ ಉದ್ದ ಗೀರು. ಮತ್ತೆ 1000ದಿಂದ ಶುರು.

ಮೈಸೂರಿನವರು: ಅದಕ್ಕೇ ಪ್ಲೇಟ್ ಅಂದಿದ್ದು.

ಧಾರವಾಡದವರು: ತಪ್ಪು ನನ್ನದು, ಪೇಪರಿನದಲ್ಲ. ನಿಮ್ಮ ಪ್ಲೇಟ್ ಸಮ ಇದೆ ಅಂತ ಯಾವುದರಿಂದ ನೋಡಿದಿರಿ?

ತುಮಕೂರಿನವರು: ಎರಡು ಕಲ್ಲು ಒಂದಕ್ಕೊಂದು ಉಜ್ಜಿ ಅನ್ನುವವರನ್ನು ನಂಬಬೇಡಿ. ಹಾಗೆ ಮಾಡಿ ನಾನು 4 ಮಿಲಿಮೀಟರ್ ಕಲ್ಲು ಕಳೆದುಕೊಂಡೆ. ಒಂದು ಉಬ್ಬಿ, ಇನ್ನೊಂದು ತಗ್ಗಿ, ಜೋಡಿ ಮಾತ್ರ ಚೆನ್ನಾಗಿ ಕೂತಿತ್ತು. ಮೂರು ಕಲ್ಲು ಬೇಕು, ಜೋಡಿ ಬದಲಿಸುತ್ತಾ ಉಜ್ಜಬೇಕು. ಇಂಗ್ಲಿಷ್ ಎಂಜಿನಿಯರ್ ವಿಟ್‌ವರ್ತ್ ಲೋಹದ ಫಲಕಗಳಿಗೆ ಈ ಮೂರರ ವಿಧಾನವನ್ನು 1840ರಲ್ಲೇ ವಿವರಿಸಿದ್ದಾರೆ. ಲೇತ್ ಕೆಲಸದವರಿಗೆ ಇದು ಗೊತ್ತು.

ಹಾಸನದವರು: ನಮ್ಮ ತಂದೆ 40 ವರ್ಷ ಕ್ಷೌರದಂಗಡಿ ನಡೆಸಿದರು. ತಗ್ಗಿದ ಕಲ್ಲಿನಲ್ಲೇ ಮಸೆದರು. ಯಾರ ಗಲ್ಲವೂ ಉರಿಯಲಿಲ್ಲ.

ತುಮಕೂರಿನವರು: ಆ ಕಲ್ಲಿಗೆ ಆ ಕತ್ತಿ ಹೊಂದಿಕೊಂಡಿರುತ್ತೆ, ಅಷ್ಟೇ. ಬೇರೆ ಕತ್ತಿ ಇಟ್ಟು ನೋಡಿ.

ಹಾಸನದವರು: ಅಂಗಡಿಯಲ್ಲಿ ಆರು ಕತ್ತಿ ಇದ್ದವು ಸ್ವಾಮಿ. ಕಲ್ಲು ಎಷ್ಟೋ, ಚರ್ಮದ ಪಟ್ಟಿ ಅಷ್ಟೇ ಮುಖ್ಯ. ಅದು ನಿಮಗೆ ಲೇತ್‌ನಲ್ಲಿ ಸಿಗಲ್ಲ.

ತುಮಕೂರಿನವರು: ಬೆವೆಲ್ (ಅಲಗಿನ ಅಂಚಿನ ಇಳಿಜಾರು) ಸರಿಯಾಗಿ ಕೂರದೆ ಪಟ್ಟಿಗೆ ಸಾವಿರ ಸಲ ಎಳೆದರೂ ವ್ಯರ್ಥ.

ಕೇಳಿದವರು: ಸರ್, 6000ದ ಬದಿಯನ್ನೂ ಉಜ್ಜಬೇಕಾ? ಅದು ತೆಳ್ಳಗಿದೆ.

ಹಾಸನದವರು: ಗೊತ್ತಿಲ್ಲದೆ ನಮ್ಮ ತಂದೆಯ ಕೆಲಸದ ಬಗ್ಗೆ ಮಾತಾಡಬೇಡಿ. ಎಚ್‌ಐವಿ ಭಯ ಬಂದ ಮೇಲೆ ಬ್ಲೇಡ್ ಹಾಕುವ ಕತ್ತಿ ತಂದರು, ಕಲ್ಲು ಅಟ್ಟ ಸೇರಿತು. ಇವತ್ತು ಸಂಜೆ ಇಳಿಸಿದೆ. ಸ್ಕೇಲ್ ಇಟ್ಟರೆ ನಡುವೆ ಹತ್ತು ರೂಪಾಯಿ ನಾಣ್ಯ ತೂರುತ್ತೆ. ಆ ತಗ್ಗು ಅವರ ಕೈಯದು. ನಾನು ಸಮ ಮಾಡಲ್ಲ.